ಭಾಷೆಗೆ ಕೆಲಸ ಬೇಕು

ನಾನಿರುವ ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗ ಚಿಪ್ಪೆವಾ ಎಂಬ ಮೂಲನಿವಾಸಿ ಜನರ ನೆಲ. ಒಜಿಬ್ವೆ ಎಂದೂ ಕರೆಯುತ್ತಾರೆ, ಅವರು ತಮ್ಮನ್ನು ಅನಿಶಿನಾಬೆ ಎನ್ನುತ್ತಾರೆ. ಭಾಷೆ ಉಳಿಸುವ ವಿಷಯದಲ್ಲಿ ಇವರಿಂದ ನಾವು ಹೊರನಾಡ ಕನ್ನಡಿಗರು ಕಲಿಯುವುದು ಬಹಳ ಇದೆ.

ಅಮೆರಿಕ ಸರ್ಕಾರದ ಜೊತೆ 1837ರಲ್ಲಿ ಆದ ಒಪ್ಪಂದದಲ್ಲಿ ಅವರು ಬಹಳಷ್ಟು ನೆಲ ಬಿಟ್ಟುಕೊಟ್ಟರು. ಆದರೆ ಅಲ್ಲಿ ಮೀನು ಹಿಡಿಯುವ, ಬೇಟೆಯಾಡುವ, ಮನೋಮಿನ್ ಎಂಬ ಕಾಡು ಅಕ್ಕಿ ಕೊಯ್ಯುವ ಹಕ್ಕು ಉಳಿಸಿಕೊಂಡರು. ರಾಜ್ಯ ಸರ್ಕಾರಗಳು ಅದನ್ನು ಮಾನ್ಯ ಮಾಡಲಿಲ್ಲ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ವಿಷಯದಲ್ಲಿ 1983ರಲ್ಲಿ ಫೆಡರಲ್ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆಮೇಲೆ ಅವರು ಮೀನು ಹಿಡಿಯಲು ದೋಣಿ ಇಳಿಸುವ ಜಾಗದಲ್ಲೇ ವಿರೋಧಿಗಳು ಸೇರಿ ಬೈದರು, ಕಲ್ಲೆಸೆದರು. ಒಜಿಬ್ವೆ ಜನ ಕೆರೆಗಿಳಿಯುವುದನ್ನು ಬಿಡಲಿಲ್ಲ. ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಎಂಬ ಒಜಿಬ್ವೆ ಬಣದ ಹಕ್ಕನ್ನು 1999ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು.

ಇದಕ್ಕೂ ಭಾಷೆಗೂ ನೇರ ಸಂಬಂಧ ಇದೆ. ಇವರ ಮಕ್ಕಳನ್ನು ತಂದೆತಾಯಿಯಿಂದ ದೂರದ ವಸತಿ ಶಾಲೆಗೆ ಹಾಕಿ, ತಮ್ಮ ಭಾಷೆ ಆಡಿದರೆ ಶಿಕ್ಷಿಸುತ್ತಿದ್ದ ಕಾಲವೊಂದಿತ್ತು. ಅದರಿಂದ ಎಷ್ಟೋ ಮನೆಗಳಲ್ಲಿ ಭಾಷೆ ನಿಂತೇಹೋಯಿತು. ಈಗ ವಿಸ್ಕಾನ್ಸಿನ್‌ನ ಲಾ ಕೂರ್ ಒರೆ ಬಣದ ನೆಲದಲ್ಲಿ ವಾಡೂಕೊಡಾಡಿಂಗ್ ಎಂಬ ಶಾಲೆ ಇದೆ. 2000ದ ಸುಮಾರಿಗೆ ಶುರುವಾದದ್ದು. ಅಲ್ಲಿ ಲೆಕ್ಕವೂ ಒಜಿಬ್ವೆಯಲ್ಲೇ. ಚಳಿಗಾಲ ಮುಗಿಯುತ್ತಿದ್ದಂತೆ ಮಕ್ಕಳು ಮೇಪಲ್ ಮರದ ರಸ ಇಳಿಸಿ ಕಾಯಿಸುತ್ತಾರೆ. ಅಕ್ಕಿ ಮಾಗಿದಾಗ ಕೊಯ್ಲಿನ ಪಾಠ. ಒಬ್ಬರು ಉದ್ದನೆಯ ಗಳ ಊರಿ ದೋಣಿ ನಡೆಸಿದರೆ, ಇನ್ನೊಬ್ಬರು ಒಂದು ಕೋಲಿನಿಂದ ತೆನೆ ಬಾಗಿಸಿ, ಇನ್ನೊಂದರಿಂದ ತಟ್ಟಿ ಕಾಳು ದೋಣಿಗೆ ಉದುರಿಸುತ್ತಾರೆ. ಈ ಕೆಲಸ ನಡೆಯುವುದು ಒಜಿಬ್ವೆಯಲ್ಲಿ. ಕೆರೆಯ ಹಕ್ಕು ಹೋಗಿದ್ದರೆ ಆ ಮಾತುಗಳಿಗೆ ಜಾಗವೇ ಇರುತ್ತಿರಲಿಲ್ಲ, ಅಲ್ವಾ?

ನಮ್ಮ ರೀತಿ ಬೇರೆ. ವಾರಕ್ಕೊಮ್ಮೆ ಕನ್ನಡ ತರಗತಿ, ನವೆಂಬರ್‌ನಲ್ಲಿ ರಾಜ್ಯೋತ್ಸವ, ಒಂದು ನಾಟಕ. ಇವೆಲ್ಲ ಬೇಕು, ನಡೆಸುವವರ ಶ್ರಮವೂ ಜಾಸ್ತಿ. ಆದರೆ ನಮ್ಮ ಮಕ್ಕಳು ಕನ್ನಡವನ್ನು ಕಲಿಯುತ್ತಾರೆ, ಕನ್ನಡದಲ್ಲಿ ಏನನ್ನೂ ಮಾಡುವುದಿಲ್ಲ. ವೇದಿಕೆಯ ಮೇಲೆ ವಚನ ಹೇಳಿದ ಮಗು ಕೆಳಗಿಳಿದ ಕೂಡಲೇ ಇಂಗ್ಲಿಷಿಗೆ ಹೊರಳುತ್ತದೆ. ಊರಲ್ಲಿ ಕೋಟಿಗಟ್ಟಲೆ ಜನ ಕನ್ನಡ ಆಡುತ್ತಾರೆ ಎಂಬ ಧೈರ್ಯ ನಮಗಿದೆ. ಒಜಿಬ್ವೆಗೆ ಹಾಗೆ ಆಸರೆಯಾಗಲು ಬೇರೊಂದು ಊರಿಲ್ಲ.

ಹಾಗಾಗಿ ನಮ್ಮ ಕನ್ನಡ ಸಂಘಗಳಿಗೆ ನನ್ನದೊಂದು ಕೋರಿಕೆ. ಬೇಸಿಗೆ ರಜೆಯಲ್ಲಿ ಮಕ್ಕಳ ಕೈಗೇ ಕೆಲಸ ಕೊಡಿ. ಹಬ್ಬದ ಅಡುಗೆಗೆ ಸಾಮಾನು ಪಟ್ಟಿ ಮಾಡಲಿ, ಸಾರಿಗೆ ಬೇಳೆ ಅಳೆಯಲಿ, ಹಿತ್ತಲಲ್ಲಿ ಮೆಂತ್ಯ ಬಿತ್ತಲಿ. ಅಜ್ಜ ಅಜ್ಜಿಯರು ವೀಸಾದ ಮೇಲೆ ಬಂದಿರುವ ತಿಂಗಳುಗಳಲ್ಲೇ ಇದನ್ನಿಡಿ. ಹೇಳಿಕೊಡುವ ಕೆಲಸ ಅವರದಾಗಲಿ.