ಹಾಫ್ ಲೈಫ್ ಎರಡು ಸಲ ಮುಗಿದರೆ ಔಷಧಿ ಖಾಲಿ ಆಗಲ್ಲ

ಪರೀಕ್ಷೆ ಹತ್ತಿರ ಬಂದ ಹಾಗೆ ನರ್ಸಿಂಗ್ ವಿದ್ಯಾರ್ಥಿಗಳ ವಾಟ್ಸಾಪ್‌ನಲ್ಲಿ ಒಂದು ನೋಟ್ಸ್ ಓಡಾಡುತ್ತಿದೆ: 'ಔಷಧಿಯ ಹಾಫ್ ಲೈಫ್ 4 ಗಂಟೆ ಆದರೆ, 8 ಗಂಟೆಗೆ ಅದು ಮೈಯಿಂದ ಪೂರ್ತಿ ಹೋಗಿರುತ್ತದೆ.' ಇದು ತಪ್ಪು. ಹಾಫ್ ಲೈಫ್ ಅಂದರೆ ಮೈಯಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ.

ಪ್ರತಿ ಸಲ ಅರ್ಧ ಆಗುವುದು ಮೊದಲಿದ್ದದ್ದರಲ್ಲಿ ಅಲ್ಲ, ಉಳಿದಿದ್ದರಲ್ಲಿ. ಬೆಳಿಗ್ಗೆ 8ಕ್ಕೆ ಮೈಯಲ್ಲಿ 100 ಮಿ.ಗ್ರಾಂ ಇತ್ತು ಅನ್ನಿ. ಮಧ್ಯಾಹ್ನ 12ಕ್ಕೆ 50, ಸಂಜೆ 4ಕ್ಕೆ 25, ರಾತ್ರಿ 8ಕ್ಕೆ 12.5. ಬೆಳಗಿನ ಜಾವ 4ಕ್ಕೂ ಸುಮಾರು 3 ಮಿ.ಗ್ರಾಂ ಇದ್ದೇ ಇರುತ್ತದೆ. ಅದಕ್ಕೇ ನಾಲ್ಕೈದು ಹಾಫ್ ಲೈಫ್ ಕಳೆದ ಮೇಲೆ 'ಹೆಚ್ಚೂಕಡಿಮೆ ಖಾಲಿ' ಅನ್ನುವುದು.

ಹೃದಯದ ಬಡಿತ ನಿಧಾನ ಮಾಡುವ ಡಿಗಾಕ್ಸಿನ್ ನೋಡಿ. ಕಿಡ್ನಿ ಸರಿಯಿದ್ದವರಲ್ಲೇ ಇದರ ಹಾಫ್ ಲೈಫ್ 36ರಿಂದ 48 ಗಂಟೆ. ಮಾತ್ರೆ ನಿಲ್ಲಿಸಿ ಮೂರು ದಿನ ಆದರೂ ಕಾಲು ಭಾಗಕ್ಕಿಂತ ಕಡಿಮೆ ಆಗಿರುವುದಿಲ್ಲ. ಕಿಡ್ನಿ ಕೈಕೊಟ್ಟಿದ್ದರೆ ಇನ್ನೂ ಜಾಸ್ತಿ ದಿನ. 'ನಿನ್ನೆಯೇ ನಿಲ್ಲಿಸಿದ್ದಾರಲ್ಲ' ಅಂತ ನಾಡಿ ನೋಡದೆ ಬಿಟ್ಟರೆ ಕಷ್ಟ.

ಅದೇ ನೋಟ್ಸ್‌ನ ಇನ್ನೊಂದು ಸಾಲು: 'ಹಾಫ್ ಲೈಫ್ ಕಡಿಮೆ ಇದ್ದರೆ ಪರಿಣಾಮವೂ ಬೇಗ ಮುಗಿಯುತ್ತದೆ.' ಎಲ್ಲದಕ್ಕೂ ಹಾಗಿಲ್ಲ. ಆಸ್ಪಿರಿನ್ ರಕ್ತದಲ್ಲಿ ಅರ್ಧ ಆಗಲು 15-20 ನಿಮಿಷ ಸಾಕು. ಆದರೆ ಅದು ಕೆಡಿಸಿದ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮತ್ತೆ ಸರಿಹೋಗುವುದಿಲ್ಲ, ಹೊಸದು ಬರಬೇಕು. ಅದಕ್ಕೆ 7ರಿಂದ 10 ದಿನ. ಆಪರೇಷನ್‌ಗೆ ಮುಂಚೆ 'ಆಸ್ಪಿರಿನ್ ಯಾವಾಗ ತಗೊಂಡಿದ್ರಿ?' ಅಂತ ಕೇಳುವುದು ಸುಮ್ನೆ ಅಲ್ಲ.