ಮಲಗಿದ ಮೇಲೂ ಡ್ಯೂಟಿ ಮಾಡೋ ನಾಲಿಗೆ

ಲೈಟ್ ಆಫ್ ಮಾಡಿ ಹೊದ್ಕೊಂಡು ಕಣ್ಮುಚ್ಚಿದ್ರೆ ಮೈಯೇನೋ ಮಲಗಿದ ಹಾಗೆ ಕಾಣುತ್ತೆ, ಆದ್ರೆ ಆಗ ಒಂದ್ಸಲ ಸುಮ್ನೆ ಗಮನಿಸಿ ನೋಡಿ, ಹಲ್ಲು ಕಚ್ಕೊಂಡಿರುತ್ತೆ, ಹುಬ್ಬು ಗಂಟಿಕ್ಕಿರುತ್ತೆ, ಭುಜ ಎರಡೂ ಕಿವಿ ಹತ್ರ ಏರಿರುತ್ತೆ, ಕೆಳಗೆ ದಿಂಬು ಇದ್ರೂ ಕತ್ತು ಮಾತ್ರ ತಲೇನ ನಾನೇ ಹೊರ್ತೀನಿ ಅಂತ ಹಠ ಹಿಡಿದಿರುತ್ತೆ. ಇಷ್ಟನ್ನೆಲ್ಲ ಬಿಗಿಹಿಡಿದಿದೀವಿ ಅನ್ನೋದೇ ನಮಗೆ ಗೊತ್ತಿರಲ್ಲ. ಗೊತ್ತೇ ಇಲ್ದಿದ್ದನ್ನ ಬಿಡೋದಾದ್ರೂ ಹೇಗೆ ಹೇಳಿ?

ಎಡ್ಮಂಡ್ ಜೇಕಬ್ಸನ್ ಅಂತ ಒಬ್ಬ ಅಮೆರಿಕನ್ ಡಾಕ್ಟರು ಇದೊಂದರ ಬಗ್ಗೆನೇ ವರ್ಷಗಟ್ಟಲೆ ತಲೆ ಕೆಡಿಸ್ಕೊಂಡು 1929ರಲ್ಲಿ ಒಂದು ಪುಸ್ತಕಾನೇ ಬರೆದ್ರು. ಅವರಿಂದ ಶುರುವಾಗಿ ಈಗ ಎಲ್ಲಾ ಕಡೆ ಹೇಳ್ಕೊಡೋ ಪದ್ಧತಿ ಸ್ವಲ್ಪ ಉಲ್ಟಾ, ಸಡಿಲ ಬಿಡ್ಬೇಕು ಅಂದ್ರೆ ಮೊದಲು ಬಿಗಿ ಮಾಡಿ ಅನ್ನುತ್ತೆ. ಕಾಲ್ಬೆರಳು ಮಡಚಿ ಐದಾರು ಸೆಕೆಂಡ್ ಹಿಡ್ಕೊಂಡು ಬಿಡೋದು, ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಹೀಗೆ ಮೇಲಕ್ಕೆ ಬರೋದು. ಬಿಟ್ಟ ಆ ಕ್ಷಣದಲ್ಲಿ ಓಹೋ ಇಷ್ಟೊತ್ತು ಇಲ್ಲಿ ಇಷ್ಟು ಬಿಗಿ ಇತ್ತಾ ಅಂತ ಮೈಗೇ ಗೊತ್ತಾಗುತ್ತಲ್ಲ, ಅದೇ ಇದರ ಗುಟ್ಟು. ಯೋಗ ಕ್ಲಾಸಿನಲ್ಲಿ ಕೊನೆಗೆ ಶವಾಸನ ಮಾಡಿಸೋವಾಗ್ಲೂ ಹೀಗೇ ಒಂದೊಂದೇ ಅಂಗದ ಹೆಸರು ಹೇಳ್ತಾ ಹೋಗ್ತಾರೆ, ಅರ್ಧ ಕ್ಲಾಸು ಗೊರಕೆ ಹೊಡೆಯೋದೂ ಅಲ್ಲೇ.

ಆದ್ರೆ ನನಗೆ ಭಲೇ ಅನ್ಸಿದ್ದು ಜೇಕಬ್ಸನ್ನರ ಇನ್ನೊಂದು ಕೆಲಸ. ಸುಮ್ನೆ ಮಲಗಿರೋರ ಸ್ನಾಯುಗಳ ವಿದ್ಯುತ್ತನ್ನ ಅಳೀತಾ, ಕೈ ಮಡಚಿದ ಹಾಗೆ ಕಲ್ಪಿಸ್ಕೊಳ್ಳಿ ಅಂದ್ರೆ ಕೈ ಅಲ್ಲಾಡದೇ ಇದ್ರೂ ಅಲ್ಲಿನ ಸ್ನಾಯುವಿನಲ್ಲಿ ಸಣ್ಣ ಮಿಡಿತ ಸಿಕ್ತಂತೆ, ಮಾತಾಡೋ ಹಾಗೆ ಯೋಚಿಸಿ ಅಂದ್ರೆ ನಾಲಿಗೆ, ತುಟಿಯಲ್ಲೂ ಅದೇ. ಅಂದ್ರೆ ರಾತ್ರಿ ನಾವು ಮನಸ್ಸಲ್ಲೇ ಮಾಡೋ ಜಗಳ ಬರೀ ಮನಸ್ಸಿನದಲ್ಲ ಸ್ವಾಮಿ, ಬಾಯಿಯೂ ಶಾಮೀಲು! ಮಧ್ಯಾಹ್ನ ಯಾರೋ ಏನೋ ಅಂದಿರ್ತಾರೆ, ಅಲ್ಲಿ ಪೆಚ್ಚಾಗಿ ನಕ್ಕು ಬಂದಿರ್ತೀವಿ, ತಲೆ ದಿಂಬಿಗೆ ತಾಗಿದ್ದೇ ತಡ ಒಂದಕ್ಕಿಂತ ಒಂದು ಖಡಕ್ ಉತ್ತರ ಹೊಳೀತಾ ಹೋಗುತ್ತೆ, ಅವರ ಡೈಲಾಗೂ ನಾವೇ ಹೇಳಿ ನಮ್ಮದೂ ನಾವೇ ಹೇಳಿ ಕೇಸು ಗೆಲ್ಲೋ ಹೊತ್ತಿಗೆ ಗಂಟೆ ಒಂದಾಗಿರುತ್ತೆ. ಯೋಚನೆ ಮಾಡ್ಬೇಡ ಅಂತ ಮನಸ್ಸಿಗೆ ಹೇಳಿದ್ರೆ ಅದು ಇನ್ನೂ ಜಾಸ್ತಿ ಮಾಡುತ್ತೆ. ಅದರ ಬದಲು ನಾಲಿಗೇನ ಅಂಗುಳಿಂದ ಇಳಿಸಿ ಬಾಯೊಳಗೆ ಸುಮ್ನೆ ಬಿದ್ದಿರೋಕೆ ಬಿಟ್ಟು, ದವಡೆ ಸ್ವಲ್ಪ ಜೋತುಬಿಡೋಕೆ ಬಿಟ್ರೆ, ವಾದ ಮುಂದುವರಿಸೋದು ಯಾಕೋ ಕಷ್ಟ ಆಗುತ್ತೆ, ಪ್ರಯತ್ನ ಮಾಡಿ ನೋಡಿ.

ನಾಳೆ ಕೆಲಸಗಳ ಚಿಂತೆ ಮಾತ್ರ ಇದಕ್ಕೆಲ್ಲ ಬಗ್ಗಲ್ಲ, ಅದನ್ನ ಮಲಗೋ ಮುಂಚೆ ಚೀಟಿಯಲ್ಲಿ ಬರೆದಿಟ್ಬಿಡೋದೇ ವಾಸಿ.

ಉಸಿರಿನ ವಿಷಯಾನೂ ಸರಳ. ಉಸಿರು ಎಳ್ಕೊಂಡಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತೆ, ಬಿಡುವಾಗ ನಿಧಾನ ಆಗುತ್ತೆ, ಹಾಗಾಗಿ ಬಿಡೋದನ್ನ ಉದ್ದ ಮಾಡಿದ್ರೆ ಸಾಕು. ಇಷ್ಟು ಎಣಿಸಿ ಎಳೀರಿ, ಇಷ್ಟು ಎಣಿಸಿ ತಡೀರಿ ಅನ್ನೋ ಲೆಕ್ಕ ನನಗಂತೂ ಹಿಡಿಸಲ್ಲ, ಲೆಕ್ಕ ತಪ್ತಾ ಅಂತ ಚೆಕ್ ಮಾಡೋಕೆ ಮತ್ತೆ ಎಚ್ಚರ ಆಗ್ಬೇಕು. ಇನ್ನು ಮಲಗೋಕೆ ಒಂದೆರಡು ಗಂಟೆ ಮುಂಚೆ ಬಿಸಿನೀರಿನ ಸ್ನಾನ ಮಾಡಿದ್ರೆ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತೆ, ನಿದ್ದೆಗೆ ಬೇಕಾಗಿರೋದು ಹಾಗೆ ತಣ್ಣಗಾಗೋ ಮೈನೇ.

ಇಷ್ಟೆಲ್ಲ ಮಾಡಿ ಜೊಂಪು ಹತ್ತೋ ಹೊತ್ತಿಗೆ ಮೆಟ್ಟಿಲು ತಪ್ಪಿದ ಹಾಗೆ ಕಾಲು ಝಾಡಿಸಿ ಎಚ್ಚರ ಆದ್ರೆ ಗಾಬರಿ ಬೇಡ, ಸಾಮಾನ್ಯವಾಗಿ ಎಲ್ರಿಗೂ ಆಗೋದೇ ಅದು. ಅರ್ಧ ಗಂಟೆ ಹೊರಳಾಡಿದ್ರೂ ನಿದ್ದೆ ಸುಳೀಲಿಲ್ಲ ಅಂದ್ರೆ ಎದ್ದು ಬೇರೆ ಕಡೆ ಕೂತು, ಕಣ್ಣೆಳೆದಾಗ ವಾಪಸ್ ಬರೋದು ಒಳ್ಳೇದು ಅಂತಾರೆ. ಗಂಟೆ ನೋಡ್ತಾ ಈಗ ಮಲಗಿದ್ರೂ ಐದು ಗಂಟೆ ನಿದ್ದೆ ಸಿಗುತ್ತೆ, ಈಗ ನಾಲ್ಕೂವರೆ ಅಂತ ಲೆಕ್ಕ ಹಾಕೋದಕ್ಕಿಂತ ಸಾವಿರ ಪಾಲು ಮೇಲು.

ಅಂದಹಾಗೆ ಪಾದದಿಂದ ಶುರು ಮಾಡೋ ಪದ್ಧತಿಗೆ ನನ್ನದೊಂದು ತಕರಾರಿದೆ. ಮೀನಖಂಡ, ತೊಡೆ ಅಂತ ನಿಧಾನಕ್ಕೆ ಮೇಲೆ ಬರೋ ಅಷ್ಟೊತ್ತೂ ನಾಲಿಗೆ ತನ್ನ ವಾದ ನಡೆಸ್ತಾನೇ ಇರುತ್ತೆ, ಅದಕ್ಕೇ ನಾನು ಮುಖದಿಂದಲೇ ಶುರು ಮಾಡಿ ಕೆಳಗೆ ಹೋಗೋದು, ಪಾದದವರೆಗೆ ತಲುಪೋದು ಅಪರೂಪ.