ನ್ಯೂಕಾಸಲ್‌ನ ಏಳು ಮರಿ, ನಮ್ಮೂರ ಕೊಕ್ಕರೆ ರೋಗ

"ಚಿಪ್ಪು ಬಿರುಕು ಬಿಟ್ಟು ಎಂಟು ಗಂಟೆ ಆಯ್ತು ಅವ್ವ, ಒಳಗೆ ಚಿಯ್ ಅಂತದೆ, ಹೊರಗೆ ಬತ್ತಿಲ್ಲ. ಸ್ವಲ್ಪ ಒಡೆದು ಕೊಡ್ಲಾ?"

ಇಲ್ಲಿ ಇಂಗ್ಲೆಂಡಿನಲ್ಲಿ ನಡುರಾತ್ರಿ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಲ್ಲಿ ಬೆಳಗಿನ ಜಾವ. ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಮೊಟ್ಟೆಗೆ ಕಾವು ಕೊಡುವ ನನ್ನ ಇನ್‌ಕ್ಯುಬೇಟರ್ ಪೆಟ್ಟಿಗೆಯ ಕಡೆ ನೋಡಿದಳು. "ಹೇಂಟೆ ಕೂತಿದ್ರೆ ಎದ್ದೆದ್ದು ನೋಡ್ತಿತ್ತಾ? ಮುಚ್ಚಿಡು ಮಗ, ಅದ್ರ ಪಾಡಿಗೆ ಅದು ಬತ್ತದೆ."

ಮುಚ್ಚಳ ತೆಗೆದರೆ ಒಳಗಿನ ತೇವ ಹೋಗಿ, ಚಿಪ್ಪಿನ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ ಎಂದು ಓದಿದ್ದೆ. ಆದರೂ ನನ್ನ ಕೈ ತಡೆದದ್ದು ಅವ್ವನ ಮಾತು. ಬೆಳಿಗ್ಗೆ ಎದ್ದು ನೋಡಿದರೆ ಮರಿ ಒಳಗಿಂದಲೇ ಚಿಪ್ಪನ್ನು ಸುತ್ತಲೂ ಕೊರೆದು, ದಪ್ಪ ತುದಿಯನ್ನು ಟೋಪಿಯ ಹಾಗೆ ತಳ್ಳಿ ಹೊರಬಿದ್ದಿತ್ತು. ಒದ್ದೆ ಮೈ. ಕೊಕ್ಕಿನ ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಹಲ್ಲು. ಚಿಪ್ಪು ಒಡೆಯುವುದಕ್ಕೆಂದೇ ಹುಟ್ಟುವ ಆ ಹಲ್ಲು ಕೆಲವೇ ದಿನಕ್ಕೆ ಉದುರಿಹೋಗುತ್ತದೆ.

ನಾನಿರುವುದು ಉತ್ತರ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಕೋಳಿ ನಡುವೆಯೇ ಬೆಳೆದವನಾದರೂ ಮರಿ ಮಾಡಿಸಿದ್ದು ಇದೇ ಮೊದಲು. ಅಂಚೆಯಲ್ಲಿ 12 ಮೊಟ್ಟೆ ತರಿಸಿ, ಒಂದು ದಿನ ಅಲುಗಾಡಿಸದೆ ಇಟ್ಟು, 37.5 ಡಿಗ್ರಿಗೆ ಪೆಟ್ಟಿಗೆ ಹೊಂದಿಸಿದೆ. ಒಂದು ಮಗ್ಗುಲಿಗೆ ಪೆನ್ಸಿಲ್‌ನಲ್ಲಿ ಗುಣಾಕಾರ ಚಿಹ್ನೆ, ಇನ್ನೊಂದಕ್ಕೆ ಸೊನ್ನೆ ಬರೆದು ದಿನಕ್ಕೆ ಮೂರು ಸಲ ತಿರುಗಿಸಿದೆ. ಬೆಸ ಸಂಖ್ಯೆ ಯಾಕೆಂದರೆ ರಾತ್ರಿಯ ದೀರ್ಘ ಹೊತ್ತು ಒಂದೇ ಮಗ್ಗುಲು ಕೆಳಗಾಗಬಾರದು. 18ನೇ ದಿನಕ್ಕೆ ತಿರುಗಿಸುವುದು ನಿಲ್ಲಿಸಿ, ನೀರು ಹೆಚ್ಚಿಸಿ, ಮುಚ್ಚಳ ಹಾಕಿದೆ. ಏಳನೇ ದಿನ ಟಾರ್ಚ್ ಹಿಡಿದಾಗಲೇ ಮೂರು ಮೊಟ್ಟೆ ಬರಿದು ಅಂತ ಗೊತ್ತಾಗಿತ್ತು. ಇನ್ನೆರಡು ಚಿಪ್ಪಿನಲ್ಲೇ ಸತ್ತವು. ಉಳಿದದ್ದು ಏಳು.

ಅವ್ವ ಇಷ್ಟೆಲ್ಲವನ್ನೂ ಒಂದು ಮಂಕರಿಯಲ್ಲಿ ಮುಗಿಸುತ್ತಿದ್ದಳು. ಕೆಳಗೆ ಬೂದಿ, ಮೇಲೆ ರಾಗಿಹುಲ್ಲು, 11 ಅಥವಾ 13 ಮೊಟ್ಟೆ, ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಒಂದು ಇದ್ದಿಲು, ಒಂದು ಕಬ್ಬಿಣದ ಚೂರು. ಕಾವಿಗೆ ಕೂತ ಹೇಂಟೆ ದಿನಕ್ಕೊಮ್ಮೆ ಎದ್ದು ಕಾಳು ತಿಂದು, ನೀರು ಕುಡಿದು, ಮತ್ತೆ ಬಂದು ಕೊಕ್ಕಿನಲ್ಲಿ ಮೊಟ್ಟೆಗಳನ್ನು ಹೊರಳಿಸಿಕೊಂಡು ಕೂರುತ್ತಿತ್ತು. 13ಕ್ಕೆ 11 ಮರಿ ಎದ್ದದ್ದನ್ನು ನಾನೇ ಎಣಿಸಿದ್ದೇನೆ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಆಮೇಲೆ. ನನ್ನ ಮರಿಗಳು ಶಾಖದ ತಟ್ಟೆಯ ಕೆಳಗೆ ಬೆಚ್ಚಗಿದ್ದವು, ಮುಂದೆ ನುಚ್ಚಿನಂಥ ಫೀಡ್ ಇತ್ತು, ಆದರೆ ಅದು ತಿನ್ನುವುದು ಅಂತ ಅವಕ್ಕೆ ಯಾರೂ ಹೇಳಿರಲಿಲ್ಲ. ತೋರುಬೆರಳ ಉಗುರಿನಿಂದ ಫೀಡ್ ಮೇಲೆ ಟಕ್ ಟಕ್ ಕುಟ್ಟಿದೆ. ಒಂದು ಮರಿ ಬಂದು ಉಗುರನ್ನೇ ಕುಕ್ಕಿತು, ಮುಂದಿನ ಸಲ ಕಾಳನ್ನು ಕುಕ್ಕಿತು. ಐದು ನಿಮಿಷದಲ್ಲಿ ಏಳೂ ಕಲಿತವು. ಮೊಣಕಾಲೂರಿ ಕೂತು ಒಂದು ತಾಯಿಕೋಳಿಯ ಕೆಲಸ ಮಾಡಿದಾಗ ನನಗೆ ಕಣ್ಣು ತುಂಬಿ ಬಂತು. ಹದ್ದಿನ ನೆರಳು ಕಂಡರೆ ಅವಿತುಕೊಳ್ಳುವುದನ್ನು, ಮಣ್ಣು ಕೆದಕುವುದನ್ನು ಉಗುರಿನಿಂದ ಎಷ್ಟು ಕಲಿಸಲಿ? ಕಾವಿಗೆ ಹೇಂಟೆಯೇ ಕೂರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಊರ ಕಡೆಯೂ ಈಗ ಪೆಟ್ಟಿಗೆ ಮರಿ ತಂದು ಬಿಡುವವರು ಹೆಚ್ಚಾಗಿದ್ದಾರೆ. ಕಾವಿಗೆ ಕೂರುವ ನಾಟಿ ಹೇಂಟೆಯನ್ನು ದಯವಿಟ್ಟು ಕಳೆದುಕೊಳ್ಳಬೇಡಿ.

ಇಲ್ಲಿನ ಕಾನೂನು ಕೇಳಿ ಅವ್ವನಿಗೆ ಸಂಕಟವಾಯಿತು. ಅಡುಗೆಮನೆಯಲ್ಲಿ ಮಿಕ್ಕಿದ ಅನ್ನ, ತರಕಾರಿ ಸಿಪ್ಪೆಯನ್ನು ಕೋಳಿಗೆ ಹಾಕುವಂತಿಲ್ಲ. ಮುದ್ದೆಯ ಚೂರೂ ಇಲ್ಲ. "ಹಂಗಾದ್ರೆ ಮಿಕ್ಕಿದ್ದು ಏನ್ಮಾಡ್ತೀರಿ?" ಎಂದು ಕೇಳಿದಳು. ಮೊದಲು ನನಗೂ ಅತಿ ಅನಿಸಿತ್ತು. ಆದರೆ 2001ರ ಕಾಲುಬಾಯಿ ರೋಗದ ಮೂಲ ಹುಡುಕಿದಾಗ ಸಿಕ್ಕಿದ್ದು ನಮ್ಮ ಪಕ್ಕದಲ್ಲೇ ಇರುವ ನಾರ್ತಂಬರ್ಲೆಂಡಿನ ಒಂದು ಹಂದಿ ಸಾಕಣೆ, ಅಲ್ಲಿ ಬೇಯಿಸದೆ ಹಾಕಿದ ಮುಸುರೆ. ಆ ವರ್ಷ ಈ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದರು. 2024ರ ಅಕ್ಟೋಬರ್‌ನಿಂದ ಒಂದೇ ಕೋಳಿ ಇದ್ದರೂ ನೋಂದಣಿ ಕಡ್ಡಾಯ. ಪೆಟ್ಟು ತಿಂದು ಕಲಿತವರ ಎಚ್ಚರ ಇದು.

ಈ ಎಚ್ಚರ ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ನಮ್ಮೂರ ನೆನಪಾಗಿ. ಬೇಸಿಗೆ ಬಂದರೆ ಕೋಳಿಗಳಿಗೆ ಕೊಕ್ಕರೆ ರೋಗ. ಹಸಿರು ಹಿಕ್ಕೆ, ತೂಕಡಿಕೆ, ಆಮೇಲೆ ಕತ್ತು ತಿರುಚಿಕೊಂಡು ಗಿರಗಿರ ಸುತ್ತುವುದು. ಒಂದು ವರ್ಷ ಅವ್ವ ಸಾಕಿದ್ದ 30 ಕೋಳಿ ಒಂದೇ ವಾರದಲ್ಲಿ ಹೋದವು. ಅವ್ವ ಮಂಕರಿಯನ್ನು ಅಟ್ಟಕ್ಕೆ ಎಸೆದು ಎರಡು ದಿನ ಮಾತಾಡಲಿಲ್ಲ. ಇಂಗ್ಲಿಷ್‌ನಲ್ಲಿ ಆ ರೋಗದ ಹೆಸರೇ ನ್ಯೂಕಾಸಲ್ ಡಿಸೀಸ್. 1926ರಲ್ಲಿ ಇದೇ ಊರಿನ ಬಳಿ ಕಾಣಿಸಿಕೊಂಡದ್ದಕ್ಕೆ ಆ ಹೆಸರು ಬಂತು. ಇಂಡಿಯಾದಲ್ಲಿ ರಾಣಿಖೇತ್ ಅನ್ನುತ್ತಾರೆ. ಹೆಸರು ಕೊಟ್ಟ ಊರಲ್ಲಿ ನಾನು ಆ ರೋಗದ ಒಂದು ಕೋಳಿಯನ್ನೂ ನೋಡಿಲ್ಲ. ಈ ಊರನ್ನೇ ನೋಡದ ಅವ್ವ ಬೇಸಿಗೆ ಬೇಸಿಗೆಗೂ ಅದಕ್ಕೆ ಕೋಳಿ ಒಪ್ಪಿಸಿದಳು. ಹಣೆಬರಹ ಅಂದಳು.

ಹಣೆಬರಹ ಅಲ್ಲ. ಮೊದಲ ವಾರ ಮರಿಯ ಕಣ್ಣಿಗೆ ಲಸಿಕೆಯ ಒಂದು ಹನಿ, ಎಂಟು ವಾರಕ್ಕೆ ಒಂದು ಚುಚ್ಚುಮದ್ದು. ತೊಡಕು ಏನೆಂದರೆ ಲಸಿಕೆಯ ಒಂದು ಸೀಸೆ ನೂರಾರು ಕೋಳಿಗೆ ಆಗುವಂಥದ್ದು, ತಣ್ಣಗೇ ಇರಬೇಕು, ಕಲಸಿದ ಮೇಲೆ ಬೇಗ ಮುಗಿಸಬೇಕು. ಹತ್ತು ಕೋಳಿಯ ಮನೆಯವರು ಒಬ್ಬರೇ ತರಲಾರರು. ಹಾಗಾಗಿ ಕೇರಿಯವರೆಲ್ಲ ಒಂದೇ ದಿನ ಗೊತ್ತು ಮಾಡಿಕೊಳ್ಳಬೇಕು. ಹಾಲಿನ ಡೈರಿಗೆ ದಿನಾ ಸೇರುವವರಿಗೆ ಇದೇನು ಕಷ್ಟ?

ಫೋನಿನಲ್ಲಿ ಮೂರು ತಿಂಗಳು ಪೀಡಿಸಿದ ಮೇಲೆ ತಮ್ಮ ಒಪ್ಪಿದ. ಹೋದ ತಿಂಗಳು ಫ್ಲಾಸ್ಕಿಗೆ ಐಸ್ ತುಂಬಿ ಸೀಸೆ ತಂದ. ಏಳು ಮನೆಯವರು ಬೆಳಿಗ್ಗೆ ಕೋಳಿ ಬಿಡುವ ಮೊದಲೇ ಸೇರಿದರು. ಅವ್ವ ಒಂದೊಂದೇ ಮರಿಯನ್ನು ಸೆರಗಿನಲ್ಲಿ ಹಿಡಿದುಕೊಂಡಳು, ತಮ್ಮ ಹನಿ ಹಾಕಿದ. ಮರಿ ಕಣ್ಣು ಮಿಟುಕಿಸುವ ತನಕ ಬಿಡಬೇಡ ಎಂದು ನಾನು ಇಲ್ಲಿಂದ ಕೂಗುತ್ತಿದ್ದೆ.

"ಗೊತ್ತಾಯ್ತು ಸುಮ್ನಿರು," ಅಂದಳು ಅವ್ವ. "ನಿನ್ ಹೇಂಟೆ ಕಾವಿಗೆ ಕೂತಾಗ ಹೇಳು, ಎಷ್ಟು ಮೊಟ್ಟೆ ಇಡ್ಬೇಕು ಅಂತ ನಾನ್ ಹೇಳ್ತೀನಿ."